ಮೈಕಟ್ಟು ಎಂತದೇ ಇರ್ಲಿ, ಪಂಚಿಗೆ ತೂಕ ಬರ್ಸೂದು ಹೆಂಗೆ: ಸ್ಪಾರಿಂಗ್ ಮಾಡೋರಿಗೆ ಸಮಗ್ರ ಮಾರ್ಗದರ್ಶಿ

ಕಾರವಾರ, ಕುಮಟಾ, ಶಿರಸಿ, ಎಲ್ಲಿ ಕರಾಟೆ ಕಿಕ್‌ಬಾಕ್ಸಿಂಗ್ ಕ್ಲಾಸ್ ನೋಡಿದ್ರೂ ಒಂದೇ ಕಥೆ. ಸಣಕಲು ಹುಡುಗ ಬಂದು ‘ಸರ್, ನಂಗೆ ಬಾಡಿ ಇಲ್ಲ, ಪೆಟ್ಟು ಬೀಳೂದಿಲ್ಲ’ ಅಂತಾನೆ, ಮನೆಗೆ ಹೋಗಿ ದಿನಾ ಪುಶ್‌ಅಪ್ ಹೊಡಿತಾನೆ, ತಿಂಗಳುಗಟ್ಲೆ ಮಾಡಿದ್ರೂ ಪಂಚ್ ಹಂಗೇ ಇರ್ತದೆ. ದಪ್ಪ ಇದ್ದವ ಮೈಭಾರ ಹಾಕಿ ಎದುರಿನವನ ಮೇಲೆ ಬೀಳ್ತಾನೆ, ಅವ ಪಕ್ಕಕ್ಕೆ ಸರಿದ್ರೆ ಇವ ಮುಗ್ಗರಿಸ್ತಾನೆ. ಉದ್ದ ಇದ್ದವ್ರು ಹತ್ರ ಹೋಗಿ ಹೊಡಿಲಿಕ್ಕೆ ನೋಡಿ ಕೈಕಾಲು ಸಿಕ್ಕಿಸ್ಕೊಳ್ತಾರೆ. ಎಲ್ರೂ ಒಂದೇ ಪಂಚನ್ನ ಒಂದೇ ದೂರದಿಂದ ಕಲೀತಿದ್ದಾರೆ, ಅಲ್ಲೇ ಕೆಡ್ತಾ ಇರೂದು. ಕೆಳಗಿನ ಹಂತಗಳನ್ನ ಇದೇ ಕ್ರಮದಲ್ಲಿ ಮಾಡಿ, ಮಧ್ಯ ಒಂದನ್ನೂ ಹಾರ್ಸಬೇಡಿ, ಯಾಕಂದ್ರೆ ಹೆಚ್ಚಿನವ್ರು ಕಾಲು ಸರಿ ಆಗೂಕ್ಕಿಂತ ಮೊದ್ಲೇ ಪವರ್ ಹುಡುಕ್ಲಿಕ್ಕೆ ಹೋಗ್ತಾರೆ.

## ಬೇಕಾಗೋ ಸಾಮಾನು

ಟೈಲರ್ ಹತ್ರ ಇರೋ ತರದ ಟೇಪು, ತೂಕದ ಮಷಿನ್, ಸ್ಲೋ ಮೋಷನ್ ವಿಡಿಯೋ ಬರೋ ಫೋನು, 4.5 ಮೀಟರಿನ ಹ್ಯಾಂಡ್ ರ‍್ಯಾಪ್ ಒಂದು ಜೊತೆ, ಮೌತ್‌ಗಾರ್ಡ್, ಗ್ರೋಯಿನ್ ಗಾರ್ಡ್, ಶಿನ್ (ಮೊಣಕಾಲ ಕೆಳಗಿನ ಮುಂಭಾಗದ ಎಲುಬು) ಗಾರ್ಡ್, ಸ್ಪಾರಿಂಗಿಗೆ, ಅಂದ್ರೆ ಜೊತೆಗಾರನ ಜೊತೆ ಅಭ್ಯಾಸಕ್ಕೆ ಆಡೋ ಕಾದಾಟಕ್ಕೆ, 14 ಇಲ್ಲಾ 16 ಔನ್ಸಿನ ಗ್ಲೌಸ್. 16 ಔನ್ಸ್ ಅಂದ್ರೆ ಒಂದೊಂದು ಗ್ಲೌಸ್ ಹತ್ತಿರ 450 ಗ್ರಾಂ. ಮ್ಯಾಚಿಗೆ ಹಾಕೋ 10 ಔನ್ಸಿನದ್ದನ್ನ ಸ್ಪಾರಿಂಗಿಗೆ ತರಬೇಡಿ, ಪ್ಯಾಡಿಂಗ್ ಕಮ್ಮಿ. ಇದೆಲ್ಲದರ ಜೊತೆ ಪ್ಯಾಡ್ ಹಿಡಿಯೂಕೆ ತಾಳ್ಮೆ ಇರೋ ಒಬ್ಬ ಜೊತೆಗಾರ ಬೇಕೇ ಬೇಕು.

ಹೆವಿ ಬ್ಯಾಗ್, ಅಂದ್ರೆ ನೇತಾಕಿ ಗುದ್ದೋ ಚೀಲದ ಬಗ್ಗೆ ಒಂದು ಮಾತು. ನಮ್ಮ ಕಡೆ ಮರಳು ಪುಕ್ಕಟೆ ಸಿಗ್ತದೆ ಅಂತ ಗೋಣಿಗೆ ಅದನ್ನೇ ತುಂಬಿ ನೇತಾಕ್ತಾರೆ, ಅದು ಬೇಡ. ಮರಳು ನಿಧಾನ ಕೆಳಗೆ ಕೂರ್ತದೆ, ಮಳೆಗಾಲದಲ್ಲಿ ತೇವ ಹೀರ್ತದೆ, ಕೆಳಗಿನ ಒಂದಡಿ ಭಾಗ ಪೂರ್ತಿ ಗಟ್ಟಿ ಆಗ್ತದೆ, ಅಲ್ಲಿಗೆ ಕಿಕ್ ಹಾಕಿದವ್ರ ಶಿನ್ ಬಾತ್ಕೊಳ್ತದೆ. ಟೈಲರ್ ಅಂಗಡಿಯಿಂದ ಚೂರುಬಟ್ಟೆ ತಂದು ಒತ್ತಿ ಒತ್ತಿ ತುಂಬಿ. ಬ್ಯಾಗಿನ ತೂಕ ನಿಮ್ಮ ತೂಕದ ಅರ್ಧದಷ್ಟು ಇದ್ರೆ ಸಾಕು.

## ಹಂತ 1: ಮೊದ್ಲು ಮೈ ಅಳತೆ

ಗೋಡೆಗೆ ಬೆನ್ನು ಒತ್ತಿ ನಿಂತು ಎರಡೂ ಕೈ ಅಗಲ ಮಾಡಿ, ಒಂದು ಕೈಯ ನಡುಬೆರಳ ತುದಿಯಿಂದ ಇನ್ನೊಂದು ಕೈಯ ತುದಿವರೆಗೆ ಅಳೀರಿ. ಇದು ನಿಮ್ಮ ರೀಚ್. ಹೆಚ್ಚಿನವ್ರಿಗೆ ಇದು ಎತ್ತರದಷ್ಟೇ ಹತ್ತಿರತ್ರ ಇರ್ತದೆ. ಎತ್ತರಕ್ಕಿಂತ ಎರಡು ಮೂರು ಇಂಚು ಜಾಸ್ತಿ ಬಂದ್ರೆ ನೀವು ಕುಳ್ಳಗೆ ಕಂಡ್ರೂ ಹೊಡಿಯೂದು ಉದ್ದದವ್ರ ತರ, ಕಮ್ಮಿ ಬಂದ್ರೆ ಎತ್ತರ ಇದ್ರೂ ಹತ್ರ ಹೋಗೂದೇ ಒಳ್ಳೇದು. ಇದನ್ನ ಅಳೀದೇ ಬರೀ ಕನ್ನಡಿ ನೋಡ್ಕೊಂಡು ‘ನಾನು ಇಂಥವ’ ಅಂತ ತೀರ್ಮಾನ ಮಾಡ್ಬೇಡಿ.

ಆಮೇಲೆ ತೂಕ, ಮಣಿಕಟ್ಟಿನ ಸುತ್ತಳತೆ, ಕೂತಾಗಿನ ಎತ್ತರ ಬರ್ಕೊಳ್ಳಿ. ಮುಂಡ ಗಿಡ್ಡ ಕಾಲು ಉದ್ದ ಇದ್ದವ್ರಿಗೆ ಕಿಕ್ ಸಹಜವಾಗಿ ಬರ್ತದೆ, ಮುಂಡ ಉದ್ದ ಕಾಲು ಗಿಡ್ಡ ಇದ್ದವ್ರು ಬಗ್ಗಿ ಏಳೂದ್ರಲ್ಲಿ, ಹುಕ್ (ಮೊಣಕೈ ಮಡಚಿ ಪಕ್ಕದಿಂದ ಹೊಡಿಯೋ ಪಂಚ್) ಹಾಕೂದ್ರಲ್ಲಿ ಗಟ್ಟಿ ನಿಲ್ತಾರೆ. ಈ ನಾಲ್ಕು ಅಂಕಿ ಮುಂದಿನ ಎಲ್ಲಾ ಹಂತಕ್ಕೂ ಬೇಕು.

## ಹಂತ 2: ಪೆಟ್ಟಿನ ಹಿಂದಿನ ತೂಕ ಎಷ್ಟು ಅಂತ ಲೆಕ್ಕ ಹಾಕಿ

ಒಬ್ಬ ಮನುಷ್ಯನ ಒಂದು ತೋಳು, ಅಂಗೈ ಸಮೇತ, ಮೈತೂಕದ ಸುಮಾರು 5% ಇರ್ತದೆ. ಒಂದು ಕಾಲು ಸುಮಾರು 16%. ತಲೆ ಬಿಟ್ಟು ಮುಂಡ ಅರ್ಧದಷ್ಟು. ಅಂದ್ರೆ 60 ಕೆಜಿಯವನ ತೋಳು 3 ಕೆಜಿ, 85 ಕೆಜಿಯವನದ್ದು ನಾಲ್ಕೂಕಾಲು ಕೆಜಿ. ಇಬ್ರೂ ಬರೀ ಕೈ ಬೀಸಿದ್ರೆ ಅಷ್ಟು ದೊಡ್ಡ ವ್ಯತ್ಯಾಸ ಇಲ್ಲ ನೋಡಿ. ಆದ್ರೆ 60 ಕೆಜಿಯವ ಸೊಂಟ ತಿರುಗ್ಸಿ ಭುಜ ಸೇರ್ಸಿ ಹೊಡೆದ್ರೆ ಅವನ 30 ಕೆಜಿ ಮುಂಡದಲ್ಲಿ ಒಂದು ಪಾಲು ಪಂಚಿನ ಹಿಂದೆ ಬಂದು ನಿಲ್ತದೆ, ಆಗ ಬರೀ ಕೈ ಬೀಸೋ 85 ಕೆಜಿಯವನ ಪೆಟ್ಟಿಗಿಂತ ಇವನದ್ದೇ ಜೋರು. ಕಿಕ್ ಯಾಕೆ ಅಷ್ಟು ಭಾರ ಅನ್ನೂದಕ್ಕೂ ಉತ್ತರ ಈ 16% ಅಲ್ಲೇ ಇದೆ.

ಸ್ಪೀಡಿನ ಲೆಕ್ಕವೂ ಬೇಕು. ತೂಕ ಎರಡು ಪಟ್ಟಾದ್ರೆ ಪೆಟ್ಟಿನ ಶಕ್ತಿ ಎರಡು ಪಟ್ಟಾಗ್ತದೆ, ವೇಗ ಎರಡು ಪಟ್ಟಾದ್ರೆ ಶಕ್ತಿ ನಾಲ್ಕು ಪಟ್ಟು. ಹಂಗಂತ ಸ್ಪೀಡ್ ಒಂದೇ ಸಾಕು ಅಂತಲ್ಲ, ಹಿಂದೆ ತೂಕ ಇಲ್ದಿದ್ರೆ ಮುಷ್ಟಿ ತಾಗಿದ ಕೂಡ್ಲೇ ವಾಪಸ್ ಪುಟೀತದೆ, ಎದುರಿನವ ಅಲುಗಾಡೂದಿಲ್ಲ.

ಇಬ್ರಿಗೂ ಟೆಕ್ನಿಕ್ ಸಮ ಇದ್ರೆ ಭಾರ ಇದ್ದವನೇ ಜೋರಾಗಿ ಹೊಡಿತಾನೆ, ಅದನ್ನ ಮುಚ್ಚಿಡೂದ್ರಲ್ಲಿ ಅರ್ಥ ಇಲ್ಲ. ಅದಕ್ಕೇ ತೂಕದ ವರ್ಗ ಇರೂದು. ವಿಶ್ವ ಕರಾಟೆ ಫೆಡರೇಷನ್ನಿನ ಸೀನಿಯರ್ ಗಂಡಸ್ರ ಕುಮಿತೆಯಲ್ಲಿ (ಕರಾಟೆಯ ಕಾದಾಟದ ಸ್ಪರ್ಧೆ) 60, 67, 75, 84 ಕೆಜಿ ಒಳಗೆ, ಮತ್ತೆ 84ರ ಮೇಲೆ ಅಂತ ಭಾಗ ಮಾಡಿದ್ದಾರೆ. ಬಾಕ್ಸರ್ ಮೇರಿ ಕೋಮ್ ಹೆಚ್ಚಿನ ವಿಶ್ವ ಪ್ರಶಸ್ತಿ ಗೆದ್ದಿದ್ದು 46, 48 ಕೆಜಿಯಲ್ಲಿ, 2012ರ ಲಂಡನ್ ಒಲಿಂಪಿಕ್ಸಲ್ಲಿ ಆ ವರ್ಗ ಇರ್ಲಿಲ್ಲ, 51 ಕೆಜಿಗೆ ಹತ್ತಿ ತನಗಿಂತ ದೊಡ್ಡ ಮೈಯವ್ರ ಜೊತೆ ಆಡಿ ಕಂಚು ತಂದ್ರು. ಮೂರೇ ಕೆಜಿ ಅನ್ನಿಸ್ಬಹುದು, ಆ ಮಟ್ಟದಲ್ಲಿ ಮೂರು ಕೆಜಿ ಬಹಳ ದೊಡ್ಡದು.

## ಹಂತ 3: ನೆಲ ಹಿಡೀಲಿಕ್ಕೆ ಕಲೀರಿ

ಪಂಚ್ ಶುರು ಆಗೂದು ಹಿಂದಿನ ಪಾದದಿಂದ. ಕಡಲ ದಡದಿಂದ ಮೀನಿನ ರಂಪಣಿ ಬಲೆ ಎಳೆಯೂದು ನೋಡಿದವ್ರಿಗೆ ಇದು ಬೇಗ ತಿಳೀತದೆ, ಹಿಮ್ಮಡಿ ಮರಳಿಗೆ ಊರಿ ಸೊಂಟ ಹಾಕಿ ಎಳಿತಾರೆ, ಕೈ ಬರೀ ಹಗ್ಗ ಹಿಡ್ಕೊಂಡಿರ್ತದೆ. ಪಂಚಲ್ಲೂ ಕೈಯ ಕೆಲಸ ಅಷ್ಟೇ.

ಕಾಲು ಭುಜದಷ್ಟು ಅಗಲ, ಒಂದು ಹೆಜ್ಜೆ ಹಿಂದೆಮುಂದೆ, ಎರಡೂ ಮೊಣಕಾಲು ಸ್ವಲ್ಪ ಸಡಿಲ. ಹಿಂದಿನ ಹಿಮ್ಮಡಿ ಒಂದು ಬೆರಳಷ್ಟು ಮೇಲೆ ಇರ್ಲಿ. ಹೊಡಿಯೋವಾಗ ಪಾದದ ಮುಂಭಾಗದ ಮೇಲೆ ತಿರುಗಿ, ಹಿಮ್ಮಡಿ ಹೊರಗೆ ಹೋಗ್ಬೇಕು. ಉದ್ದ ಇದ್ದವ್ರು ಕಾಲನ್ನ ಇನ್ನೂ ಸ್ವಲ್ಪ ಉದ್ದಕ್ಕೆ ಇಡಿ, ಇಲ್ದಿದ್ರೆ ಮೇಲ್ಭಾಗದ ತೂಕಕ್ಕೆ ವಾಲ್ತೀರಿ. ದಪ್ಪ ಇದ್ದವ್ರು ಮುಂದಿನ ಮೊಣಕಾಲು ಕಾಲ್ಬೆರಳು ದಾಟಿ ಹೋಗ್ದಂಗೆ ನೋಡ್ಕೊಳ್ಳಿ, ಅದು ದಾಟಿತು ಅಂದ್ರೆ ನೀವು ಹೊಡಿತಾ ಇಲ್ಲ, ಬೀಳ್ತಾ ಇದ್ದೀರಿ.

ಕಾರವಾರದವ್ರು ಬೆಳಿಗ್ಗೆ ಟಾಗೋರ್ ಕಡಲತೀರದಲ್ಲಿ ಪ್ರಾಕ್ಟೀಸ್ ಮಾಡ್ತಾರೆ, ಕಾಲಿಗೆ ಒಳ್ಳೇದು, ಆದ್ರೆ ಒಣ ಸಡಿಲ ಮರಳಲ್ಲಿ ನಿಮ್ಮ ಪವರ್ ಅಳೀಬೇಡಿ. ನೀವು ಒತ್ತಿದ್ದೆಲ್ಲ ಮರಳು ನುಂಗ್ತದೆ, ಅಲ್ಲೇ ಅಭ್ಯಾಸ ಮಾಡಿದವ್ರು ಗೊತ್ತಿಲ್ದೇ ಕೈಯಿಂದ ಹೊಡಿಲಿಕ್ಕೆ ಶುರು ಮಾಡ್ತಾರೆ. ಇಳಿತದ ಹೊತ್ತಲ್ಲಿ ನೀರಿನ ಅಂಚಲ್ಲಿ ಸಿಗೋ ಗಟ್ಟಿ ಒದ್ದೆ ಮರಳಿಗೆ ಹೋಗಿ. ಮಳೆಗಾಲದಲ್ಲಿ ಹಾಲ್ ಒಳಗೆ ಆಡೋರು ನೆಲ ಬೆವರ್ತದಾ ಅಂತ ನೋಡಿ, ಸಿಮೆಂಟು ಟೈಲ್ಸು ಎರಡೂ ಜೂನ್ ಬಂತು ಅಂದ್ರೆ ಜಾರ್ತದೆ, ಸಾಕ್ಸ್ ಹಾಕಿ ಸ್ಪಾರಿಂಗ್ ಬೇಡವೇ ಬೇಡ.

## ಹಂತ 4: ಗೋಡೆ ಟೆಸ್ಟ್

ಇದನ್ನ ಯಾರೂ ಮಾಡೂದಿಲ್ಲ, ಆದ್ರೆ ಎಲ್ಲಾದ್ರಕ್ಕಿಂತ ಜಾಸ್ತಿ ಹೇಳಿಕೊಡೂದು ಇದೇ. ಗೋಡೆ ಎದುರು ನಿಂತು, ಪಂಚ್ ತಾಗಿದ ಕ್ಷಣದಲ್ಲಿ ಮೈ ಹೆಂಗಿರ್ಬೇಕೋ ಹಂಗೇ ನಿಂತ್ಕೊಳ್ಳಿ, ಹಿಂದಿನ ಕೈಯ ಮುಷ್ಟಿ ಗೋಡೆಗೆ ಇಡಿ, ಮಧ್ಯ ಮಡಚಿದ ಟವೆಲ್ ಇರ್ಲಿ. ಈಗ ಹಿಂದಿನ ಪಾದದಿಂದ ನಿಧಾನ ನೆಲ ಒತ್ತಿ, ಒತ್ತಡ ಹೆಚ್ಚಿಸ್ತಾ ಹೋಗಿ, ಹತ್ತು ಎಣ್ಸೂವರೆಗೆ ಹಿಡ್ಕೊಳ್ಳಿ. ಜೊತೆಗಾರ ಪಕ್ಕದಿಂದ ವಿಡಿಯೋ ತೆಗೀಲಿ.

ಎಲ್ಲಿ ಮೊದ್ಲು ಮುರೀತದೆ ಅಂತ ನೋಡಿ. ಭುಜ ಕಿವಿ ಕಡೆ ಏರಿತಾ? ಬೆನ್ನಿನ ಕೆಳಭಾಗ ಬಿಲ್ಲಾಯ್ತಾ? ಮೊಣಕೈ ಹೊರಗೆ ಹಾರಿತಾ? ಮಣಿಕಟ್ಟು ಒಳಗೆ ಮಡಚಿತಾ? ನಿಮ್ಮ ಪೆಟ್ಟು ಸೋರಿ ಹೋಗ್ತಾ ಇರೂದು ಅಲ್ಲೇ. ಪಾದದಿಂದ ಹೊರಟ ಬಲ ಆ ಸಂದಿಯಲ್ಲಿ ಖರ್ಚಾಗ್ತದೆ, ಮುಷ್ಟಿಗೆ ತಲುಪೂದಿಲ್ಲ. ಉದ್ದ ಸಣಕಲು ಮೈಯವ್ರಿಗೆ ಹೆಚ್ಚಾಗಿ ಭುಜ ಇಲ್ಲಾ ಮಣಿಕಟ್ಟು, ಹೊಟ್ಟೆ ಇದ್ದವ್ರಿಗೆ ಸೊಂಟದ ಹಿಂದೆ, ಜಿಮ್ಮಲ್ಲಿ ಎದೆ ಮಾತ್ರ ಬೆಳೆಸಿದವ್ರಿಗೆ ಮೊಣಕೈ. ಸೋರೋ ಜಾಗ ಗೊತ್ತಾದ್ಮೇಲೆ ದಿನಾ ಅದೇ ಗೋಡೆಗೆ ಅದೇ ಭಂಗಿ, ಸಂದಿ ಅಲುಗದಂಗೆ ಹಿಡಿಯೂ ಅಭ್ಯಾಸ ಮಾಡಿ. ಇದು ಸರಿ ಆಗೂವರೆಗೆ ಬ್ಯಾಗಿಗೆ ಜೋರಾಗಿ ಹೊಡೀಬೇಡಿ. ಬೆನ್ನಲ್ಲಿ ಚಳಕು ಬಂದ್ರೆ ಅಲ್ಲಿಗೇ ನಿಲ್ಸಿ.

## ಹಂತ 5: ನಿಮ್ಮ ಮೈಗೆ ಹೊಂದೋ ದೂರ ಹುಡ್ಕಿ

ಉದ್ದ ಕೈಯವ್ರು: ಉದ್ದದ ತೋಳಿನ ತುದಿಯಲ್ಲಿ ಮುಷ್ಟಿ ಬಹಳ ವೇಗ ಪಡೀತದೆ, ಆದ್ರೆ ಆ ವೇಗಕ್ಕೆ ಜಾಗ ಬೇಕು, ಸಮಯ ಬೇಕು. ತೋಳು ಉದ್ದ ಆದಷ್ಟೂ ಅದನ್ನ ತಿರುಗ್ಸಲಿಕ್ಕೆ ಬೇಕಾಗೋ ಬಲ ಉದ್ದ ಎರಡು ಪಟ್ಟಾದ್ರೆ ನಾಲ್ಕು ಪಟ್ಟು ಅನ್ನೋ ಲೆಕ್ಕದಲ್ಲಿ ಏರ್ತದೆ, ಅದಕ್ಕೇ ಉದ್ದದವ್ರ ಅಗಲ ಹುಕ್ಕು ನಿಧಾನ ಬರ್ತದೆ, ಎದುರಿನವ ನೋಡಿಯೇ ತಪ್ಪಿಸ್ಕೊಳ್ತಾನೆ. ನಿಮಗೆ ನೇರ ಪಂಚು, ಜ್ಯಾಬು (ಮುಂದಿನ ಕೈಯ ಚುರುಕು ನೇರ ಪಂಚು), ಮುಂದಿನ ಕಾಲಿನ ತಳ್ಳು ಕಿಕ್ಕು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಲ್ಲಿ 69 ಕೆಜಿ ವರ್ಗದ ಕಂಚು ಗೆದ್ದ ಬಾಕ್ಸರ್ ಲವ್ಲೀನಾ ಬೊರ್ಗೊಹೈನ್ ಆಟ ನೋಡಿ, ಎತ್ತರವನ್ನ ಹೆಂಗೆ ಬಳಸ್ತಾರೆ ಅಂತ ತಿಳೀತದೆ. ಎದುರಿನವ ಒಳಗೆ ನುಗ್ಗಿದ ಅಂದ್ರೆ ನಿಂತಲ್ಲೇ ಕೈ ಬೀಸ್ಬೇಡಿ, ಅರ್ಧ ಹೆಜ್ಜೆ ಓರೆಗೆ ಹಿಂದೆ ಸರಿದು ಮತ್ತೆ ನಿಮ್ಮ ದೂರ ತಗೊಳ್ಳಿ. ಹಿಂದಕ್ಕೆ ನೇರ ಓಡೂದು ದೊಡ್ಡ ತಪ್ಪು, ಹಿಂದೆ ಹೋಗ್ತಾ ಹೊಡೆದ ಪಂಚಿಗೆ ತೂಕವೇ ಇರೂದಿಲ್ಲ.

ಕುಳ್ಳಗೆ ಗಟ್ಟಿ ಇದ್ದವ್ರು: ಗಿಡ್ಡ ತೋಳು ಬೇಗ ಹೊರಡ್ತದೆ, ಬೇಗ ನಿಲ್ತದೆ. ನಿಮ್ಮ ಜಾಗ ಎದುರಿನವನ ಮೊಣಕೈ ಒಳಗೆ. ಹುಕ್, ಅಪ್ಪರ್‌ಕಟ್ (ಕೆಳಗಿಂದ ಮೇಲಕ್ಕೆ ಹೊಡಿಯೋ ಪಂಚ್), ಬಲಪಕ್ಕೆ ಕೆಳಗೆ ಲಿವರಿಗೆ ಎಡ ಹುಕ್. ಮೊಣಕೈ 90 ಡಿಗ್ರಿ ಹತ್ರ ಮಡಚಿಟ್ರೆ ಮುಷ್ಟಿ ಮುಂಡಕ್ಕೆ ಅಂಟಿದಂಗೆ ತಿರುಗ್ತದೆ, ಆಗ ಮೈತೂಕ ಪೂರ್ತಿ ಸಿಗ್ತದೆ. 1986ರಲ್ಲಿ 20ನೇ ವಯಸ್ಸಿಗೆ ಹೆವಿವೇಟ್ ಚಾಂಪಿಯನ್ ಆದ ಮೈಕ್ ಟೈಸನ್ ಎತ್ತರ ಸುಮಾರು 5 ಅಡಿ 10 ಇಂಚು, ಆ ವರ್ಗಕ್ಕೆ ಅದು ಕಮ್ಮಿ, ಅವ್ರು ತಲೆ ಅಲುಗಾಡಿಸ್ತಾ ಒಳಗೆ ಹೋಗಿಯೇ ಹೊಡಿತಿದ್ರು. ಒಳಗೆ ಹೋಗೂದು ಕಲೀದೇ ದೂರದಿಂದ ಹುಕ್ ಬೀಸಿದ್ರೆ ಪ್ರತಿ ಸಲ ಮುಖಕ್ಕೆ ಜ್ಯಾಬ್ ತಿಂತೀರಿ. ಅದಕ್ಕೆ ಮೊದ್ಲು ಗಾರ್ಡ್ (ಮುಖ ಕಾಯೋ ಕೈ) ಮೇಲಿಟ್ಟು ಬರೀ ಒಳಗೆ ಹೋಗಿ ಹೊರಗೆ ಬರೋ ಡ್ರಿಲ್ ಮಾಡಿ, ಪಂಚ್ ಇಲ್ದೇ.

ಭಾರ ಇದ್ದವ್ರು: ನಿಮ್ಮ ಹತ್ರ ತೂಕ ಇದೆ, ಅದನ್ನ ಸಾಗ್ಸೂದು ಹೆಜ್ಜೆ. ಮುಂದಿನ ಪಾದ ನೆಲಕ್ಕೆ ತಾಗೂದು, ಮುಷ್ಟಿ ಎದುರಿನವನಿಗೆ ತಾಗೂದು ಒಟ್ಟಿಗೇ ಆಗ್ಬೇಕು. ಪಾದ ಮೊದ್ಲು ಊರಿ ಆಮೇಲೆ ಕೈ ಬಂದ್ರೆ ತೂಕ ನೆಲಕ್ಕೆ ಹೋಯ್ತು. ಒಂದೊಂದೇ ಪಂಚ್, ಗಿಡ್ಡ ಹೆಜ್ಜೆ, ಜಾಸ್ತಿ ಕಾಂಬಿನೇಷನ್ ಬೇಡ. ಕರಾವಳಿಯ ಏಪ್ರಿಲ್ ಮೇ ಸೆಕೆಯಲ್ಲಿ ಬೆವರು ಆರೂದೇ ಇಲ್ಲ, ಮೈ ತಣಿಯೂದಿಲ್ಲ, ಭಾರ ಇದ್ದವ್ರಿಗೆ ಎರಡನೇ ರೌಂಡಿಗೇ ಕಾಲು ಸೋಲ್ತದೆ, ಕಾಲು ಸೋತ್ಮೇಲೆ ಉಳಿಯೂದು ಕೈ ಮಾತ್ರ. ಹಂಗಾಗಿ ಬೆಳಿಗ್ಗೆ ಬೇಗ ಮಾಡಿ, ಮಧ್ಯ ಮಧ್ಯ ಉಪ್ಪು ಹಾಕಿದ ಮಜ್ಜಿಗೆ ಇಲ್ಲಾ ಮುರುಗಲು (ಕೋಕಂ) ಪಾನಕ ಕುಡೀರಿ. ತಲೆ ತಿರುಗಿದ್ರೆ ಇಲ್ಲಾ ಬೆವರು ನಿಂತ್ರೆ ಆಟ ಬಂದ್ ಮಾಡಿ ನೆರಳಿಗೆ ಬನ್ನಿ, ತಲೆ ಮೈಮೇಲೆ ನೀರು ಹಾಕಿಸ್ಕೊಳ್ಳಿ, ಮಾತು ತೊದಲಿದ್ರೆ ಆಸ್ಪತ್ರೆಗೆ ಹೋಗಿ.

ಹೆಣ್ಮಕ್ಕಳಿಗೆ ಒಂದು ವಿಷಯ. ಗಂಡಸ್ರ ಜೊತೆ ಹೋಲ್ಸಿದ್ರೆ ಬಲದ ವ್ಯತ್ಯಾಸ ಸೊಂಟದ ಮೇಲಿನ ಭಾಗದಲ್ಲಿ ಜಾಸ್ತಿ, ಕಾಲಲ್ಲಿ ಕಮ್ಮಿ. ಅಂದ್ರೆ ಸೊಂಟ, ತೊಡೆ, ಹೆಜ್ಜೆಯಿಂದ ಬರೋ ಪೆಟ್ಟಿಗೆ ನೀವು ಹೆಚ್ಚು ಸಮಯ ಕೊಡ್ಬೇಕು. ‘ಹುಡುಗಿಯರಿಗೆ ಲೈಟಾಗಿ ಸಾಕು’ ಅಂತ ಬರೀ ಕೈ ಪಂಚ್ ಕಲಿಸೋ ಕಡೆ ಹಂತ 3 ಮತ್ತು 4 ಕಲಿಸಿ ಅಂತ ನೀವೇ ಕೇಳಿ.

## ಹಂತ 6: ಸಡಿಲ, ಬಿಗಿ, ಸಡಿಲ

ಶುರುವಿಂದ ಮೈ ಬಿಗಿ ಹಿಡಿದ್ರೆ ಪಂಚ್ ನಿಧಾನ ಆಗ್ತದೆ, ಕೊನೆವರೆಗೂ ಸಡಿಲ ಬಿಟ್ರೆ ಪುಟೀತದೆ. ಕೆನಡಾದ ವಾಟರ್‌ಲೂ ಯೂನಿವರ್ಸಿಟಿಯ ಸ್ಟುವರ್ಟ್ ಮೆಗಿಲ್ ತಂಡ 2010ರಲ್ಲಿ ಒಳ್ಳೆ ಫೈಟರ್‌ಗಳ ಸ್ನಾಯು ಅಳೆದು ತೋರ್ಸಿದ್ದು ಇದನ್ನೇ: ಹೊರಡೋವಾಗ ಒಂದು ಬಿಗಿ, ಮಧ್ಯ ಸಡಿಲ, ತಾಗೋವಾಗ ಮತ್ತೊಂದು ಬಿಗಿ. ತಾಗೋ ಕ್ಷಣಕ್ಕೆ ‘ಸ್’ ಅಂತ ಉಸಿರು ಬಿಟ್ರೆ ಎರಡನೇ ಬಿಗಿ ತಾನಾಗೇ ಬರ್ತದೆ. ಗುರಿ ಇಡೂದು ಬ್ಯಾಗಿನ ಮೇಲ್ಮೈಗಲ್ಲ, ಅದರ ನಾಲ್ಕು ಬೆರಳು ಒಳಗೆ. ತಾಗೋವಾಗ ಮೊಣಕೈ ಇನ್ನೂ ಸ್ವಲ್ಪ ಮಡಚಿರ್ಬೇಕು.

ಪರೀಕ್ಷೆ ಸುಲಭ. ಬ್ಯಾಗ್ ದೂರ ತೂಗಿ ಹೋಗಿ ವಾಪಸ್ ಬರ್ತಾ ಇದ್ರೆ ನೀವು ತಳ್ತಿದ್ದೀರಿ. ಬ್ಯಾಗ್ ಅಲ್ಲೇ ಮಡಚಿ ‘ಧಪ್’ ಅಂತ ಗಿಡ್ಡ ಸೌಂಡ್ ಬಂದ್ರೆ ಹೊಡಿತಿದ್ದೀರಿ. ಭಾರ ಇದ್ದವ್ರು ಈ ತಳ್ಳೂದನ್ನೇ ಪವರ್ ಅಂತ ತಿಳ್ಕೊಂಡಿರ್ತಾರೆ, ಬ್ಯಾಗ್ ಹಾರೂದು ನೋಡಿ ಸುತ್ತ ಇದ್ದವ್ರೂ ಹೌದು ಅಂತಾರೆ.

## ಹಂತ 7: ಮುಷ್ಟಿ ಮತ್ತೆ ಮಣಿಕಟ್ಟು

ಪವರ್ ಬಂದ್ಮೇಲೆ ಮೊದ್ಲು ಹೋಗೂದು ಕೈ. ತೋರುಬೆರಳು, ನಡುಬೆರಳಿನ ಗೆಣ್ಣು ತಾಗ್ಬೇಕು. ಕಿರುಬೆರಳ ಕಡೆ ತಾಗಿದ್ರೆ ಅದರ ಹಿಂದಿನ ಎಲುಬು ಮುರೀತದೆ, ಡಾಕ್ಟರ್‌ಗಳು ಬಾಕ್ಸರ್ಸ್ ಫ್ರ್ಯಾಕ್ಚರ್ ಅನ್ನೂದು ಅದಕ್ಕೇ. ಅಗಲ ಹುಕ್ ಬೀಸೋರಿಗೆ ಇದು ಜಾಸ್ತಿ. ತೆಳ್ಳಗಿನ ಮಣಿಕಟ್ಟಿನವ್ರು ರ‍್ಯಾಪನ್ನ ಮಣಿಕಟ್ಟಿಗೆ ಇನ್ನೊಂದೆರಡು ಸುತ್ತು ಜಾಸ್ತಿ ಸುತ್ತಿ, ಬೆರಳ ತುದಿ ನೀಲಿ ಆದ್ರೆ ಬಿಚ್ಚಿ ಸಡಿಲ ಮಾಡಿ. ಪೆಟ್ಟಾದ್ಮೇಲೆ ಗೆಣ್ಣು ಒಳಗೆ ಕೂತಂಗೆ ಕಂಡ್ರೆ, ಮುಷ್ಟಿ ಕಟ್ಟಿದಾಗ ಕಿರುಬೆರಳು ಓರೆ ಬಂದ್ರೆ ಎಣ್ಣೆ ತಿಕ್ಕಿ ಕೂರ್ಬೇಡಿ, ಎಕ್ಸ್‌ರೇ ಮಾಡ್ಸಿ. ಬೆಳೆಯೋ ಮಕ್ಕಳಿಗೆ ಗೋಡೆಗೆ, ಮರಕ್ಕೆ ಗುದ್ದಿಸಿ ಗೆಣ್ಣು ‘ಗಟ್ಟಿ’ ಮಾಡ್ಸೂದು ನಿಲ್ಬೇಕು, ಅವ್ರ ಎಲುಬು ಇನ್ನೂ ಬೆಳೀತಾ ಇರ್ತದೆ.

## ಹಂತ 8: ಬಲದ ಕಸರತ್ತು

ವಾರಕ್ಕೆ ಎರಡು ದಿನ ಸಾಕು. ಸಣಕಲು ಇದ್ದವ್ರು ಸ್ಕ್ವಾಟ್, ಡೆಡ್‌ಲಿಫ್ಟ್, ಭಾರ ಹೊತ್ತು ನಡೆಯೂದು. ಶಿರಸಿ ಸಿದ್ದಾಪುರದ ಕಡೆ ತೋಟದ ಕೆಲಸ ಮಾಡೋ ಹುಡುಗ್ರು ನೋಡ್ಲಿಕ್ಕೆ ತೆಳ್ಳಗೆ, ಆದ್ರೆ ಅಡಿಕೆ ಮರ ಹತ್ತಿ ಹತ್ತಿ ಹಿಡಿತ, ಬೆನ್ನು, ತೊಡೆ ಎಲ್ಲಾ ತಯಾರಿರ್ತದೆ, ಅಂಥವ್ರಿಗೆ ಸೊಂಟ ತಿರುಗ್ಸೂದು ಕಲಿಸಿದ್ರೆ ಬೇಗ ಬರ್ತದೆ. ಕುಳ್ಳಗೆ ಗಟ್ಟಿ ಇದ್ದವ್ರು ಭುಜ, ಸೊಂಟ ಬಿಡಿಸೋ ವ್ಯಾಯಾಮ ಜಾಸ್ತಿ ಮಾಡಿ. ಭಾರ ಇದ್ದವ್ರು ಸ್ಕಿಪ್ಪಿಂಗಿಗೆ ಸೀದಾ ಹೋಗ್ಬೇಡಿ, ಮೊಣಕಾಲು ನೋಯ್ತದೆ, ಮೊದ್ಲು ಏರು ನಡಿಗೆ. ಎಲ್ರೂ ಮೆಡಿಸಿನ್ ಬಾಲನ್ನ (ಕಸರತ್ತಿನ ಭಾರದ ಚೆಂಡು) ಸೊಂಟ ತಿರುಗ್ಸಿ ಗೋಡೆಗೆ ಎಸೀರಿ.

## ಹಂತ 9: ಸ್ಪಾರಿಂಗಿಗೆ ತರೋವಾಗ

ಇಷ್ಟೆಲ್ಲ ಮಾಡಿದ್ಮೇಲೆ ನಿಮ್ಮ ಕೈಯಲ್ಲಿ ನಿಜವಾಗ್ಲೂ ಪೆಟ್ಟಿದೆ, ಆದ್ರೆ ಸ್ಪಾರಿಂಗಲ್ಲಿ ಅದನ್ನ ಪೂರ್ತಿ ಬಿಡ್ಲಿಕ್ಕಿಲ್ಲ. ಶುರುವಿಗೆ ಮುಂಚೆ ಬಾಯಿಬಿಟ್ಟು ಮಾತಾಡಿ, ‘ಅಣ್ಣಾ, ತಲೆಗೆ ಮೆತ್ತಗೆ, ಮೈಗೆ ಅರ್ಧ’ ಅಂತ. ಪವರ್ ಎಷ್ಟು ಅಂತ ಹಗುರ ಇದ್ದವ ಹೇಳ್ಬೇಕು, ಭಾರ ಇದ್ದವ ಅದನ್ನ ಪಾಲಿಸ್ಬೇಕು. ಇಬ್ರ ಮಧ್ಯ 10 ಕೆಜಿ ಮೇಲೆ ಅಂತರ ಇದ್ರೆ ನಾನು ತಲೆಗೆ ಹೊಡಿಯೂದನ್ನೇ ಬಿಡ್ಸ್ತೇನೆ. ಪಾಯಿಂಟ್ ಕರಾಟೆಯವ್ರು ಇನ್ನೊಂದು ನೆನಪಿಡಿ, ಕುಮಿತೆಯಲ್ಲಿ ಮುಖಕ್ಕೆ ಜೋರಾಗಿ ತಾಗಿಸಿದ್ರೆ ಪಾಯಿಂಟ್ ಬರೂದಿಲ್ಲ, ಪೆನಾಲ್ಟಿ ಬರ್ತದೆ.

ಹೆಡ್‌ಗಾರ್ಡ್ ಹಾಕಿದ್ದೇನಲ್ಲ ಅನ್ನೋ ಧೈರ್ಯ ಬೇಡ. ಅದು ಚರ್ಮ ಹರಿಯೂದನ್ನ ತಡೀತದೆ, ತಲೆ ಒಳಗೆ ಮಿದುಳು ಅಲುಗೂದನ್ನ ತಡಿಯೂದಿಲ್ಲ. 2016ರ ರಿಯೋ ಒಲಿಂಪಿಕ್ಸಲ್ಲಿ ಗಂಡಸ್ರ ಬಾಕ್ಸಿಂಗಿಂದ ಅದನ್ನ ತೆಗೆದೇ ಹಾಕಿದ್ರು.

ತಲೆಗೆ ಪೆಟ್ಟಾದ್ಮೇಲೆ ತಲೆನೋವು, ವಾಕರಿಕೆ, ಮಂಪರು, ಕೇಳಿದ್ದನ್ನೇ ಕೇಳೂದು, ನಡಿಗೆ ವಾಲೂದು, ಇದ್ರಲ್ಲಿ ಒಂದು ಕಂಡ್ರೂ ಆ ದಿನದ ಆಟ ಮುಗೀತು, ಡಾಕ್ಟರ್ ಹೌದು ಅನ್ನೂವರೆಗೆ ಸ್ಪಾರಿಂಗ್ ಇಲ್ಲ. ವಾಂತಿ ಮತ್ತೆ ಮತ್ತೆ ಬಂದ್ರೆ, ಕಣ್ಣಪಾಪೆ ಒಂದು ದೊಡ್ಡ ಒಂದು ಸಣ್ಣ ಆದ್ರೆ, ಫಿಟ್ಸ್ ಬಂದ್ರೆ ಒಂದು ನಿಮಿಷ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದ ದೊಡ್ಡ ಚಿಕಿತ್ಸೆಗೆ ಇನ್ನೂ ಮಣಿಪಾಲ, ಹುಬ್ಬಳ್ಳಿ, ಗೋವಾಕ್ಕೆ ಓಡ್ಬೇಕು, ಘಟ್ಟದ ರಸ್ತೆ, ಮಳೆ, ಟ್ರಾಫಿಕ್ಕು ಸೇರಿ ಗಂಟೆಗಟ್ಲೆ ಹಿಡೀತದೆ, ಹಂಗಾಗಿ ‘ಮಲಗಿ ನೋಡೋಣ, ಬೆಳಿಗ್ಗೆ ಹೋದ್ರಾಯ್ತು’ ಅನ್ನೂದು ನಮಗಂತೂ ಆಗೂದಿಲ್ಲ.

ಮೈಗೆ ಬಿದ್ದ ಪೆಟ್ಟಿಗೂ ಗಮನ ಕೊಡಿ. ಉಸಿರು ಎಳೆದಾಗ ಪಕ್ಕೆಯಲ್ಲಿ ಚುಚ್ಚಿದ್ರೆ, ಕೆಮ್ಮಿದ್ರೆ ಅದೇ ಜಾಗ ನೋಯ್ತಾ ಇದ್ರೆ ಎಲುಬು ಬಿರುಕು ಬಿಟ್ಟಿರ್ಬಹುದು. ಹೊಟ್ಟೆ ಗಟ್ಟಿ ಆಗಿ ನೋವು ಏರ್ತಾ ಹೋದ್ರೆ, ಎಡಭುಜಕ್ಕೆ ನೋವು ಹಬ್ಬಿದ್ರೆ, ಮೂತ್ರದಲ್ಲಿ ರಕ್ತ ಕಂಡ್ರೆ ಅವತ್ತೇ ಸ್ಕ್ಯಾನ್ ಮಾಡ್ಸಿ, ಹೊಡೆದವನನ್ನೂ ಜೊತೆಗೆ ಕರ್ಕೊಂಡು ಹೋಗಿ, ಎಲ್ಲಿಗೆ ಯಾವ ಪೆಟ್ಟು ತಾಗಿತು ಅಂತ ಡಾಕ್ಟರಿಗೆ ಸರಿಯಾಗಿ ಹೇಳ್ಲಿಕ್ಕೆ ಅವನಿಗೇ ಗೊತ್ತಿರ್ತದೆ.